‘ಆಗಲಿ’ ಸಾಲದೆ ಹೋದ ಕಡೆ

ಆಯ್ದ ಐದು ಅಧ್ಯಾಯಗಳ ಅನುವಾದವನ್ನು ನಾನು ಅಕ್ಕನಿಗೆ ಓದಿ ಹೇಳಿ ಮುಗಿಸಿದ ಸಂಜೆ ಅವಳು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಬಿಡಿಸುತ್ತಿದ್ದ ಅವರೆಕಾಯಿಯನ್ನು ಬದಿಗೆ ಸರಿಸಿ, ‘ಇವರೆಲ್ಲ ಮಾತೆತ್ತಿದರೆ ಆಗಲಿ ಆಗಲಿ ಅನ್ನುತ್ತಾರಲ್ಲ, ಅದರಲ್ಲಿ ನಿಜವಾಗಿ ಮನಸ್ಸಿದ್ದು ಹೇಳಿದವರು ಯಾರು?’ ಎಂದು ಮಾತ್ರ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಹಸ್ತಪ್ರತಿಯ ಹಾಳೆಗಳನ್ನು ತಿರುಗಿಸಿ ನೋಡಿದರೆ ಅವಳು ಹೇಳಿದ್ದು ನಿಜವಾಗಿತ್ತು: ಹೋಟೆಲಿನವನು, ಕ್ಷೌರಿಕ, ಮನೆಗೆಲಸದವಳು, ಜಮೀನುದಾರ, ಸೇವಕ, ಎಲ್ಲರ ಬಾಯಲ್ಲೂ ನಾನು ಅದೇ ಒಂದು ಮಾತನ್ನು ತುರುಕಿದ್ದೆ. ಮುಂದಿನ ಮೂರು ವರ್ಷ ನಾನು ಮಾಡಿದ ಕೆಲಸವೆಲ್ಲ ಆ ಒಂದು ಪ್ರಶ್ನೆಯ ಬೆನ್ನುಹತ್ತಿ ಹೋದದ್ದೇ ಆಯಿತು.

ಪುಸ್ತಕ ಯಾವುದೆಂದರೆ, ನಾವು ಸಾಮಾನ್ಯವಾಗಿ ಡಾನ್ ಕ್ವಿಕ್ಸೋಟ್ ಎಂದು ಕರೆಯುವ, ಸ್ಪ್ಯಾನಿಷರು ದೊನ್ ಕಿಹೋತೆ ಎನ್ನುವ ಆ ಬಡಕಲು ವೀರನ ಕಥೆ. ಮಿಗೆಲ್ ದೆ ಸೆರ್ವಾಂತೆಸ್ ಅದರ ಮೊದಲ ಭಾಗವನ್ನು 1605ರಲ್ಲಿ, ಎರಡನೆಯದನ್ನು 1615ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ. ಮೊದಲನೆಯದರಲ್ಲಿ 52, ಎರಡನೆಯದರಲ್ಲಿ 74 ಅಧ್ಯಾಯಗಳಿವೆ. ಅದು ವೀರಗಾಥೆಗಳ ಅಣಕವೆಂದು ಎಲ್ಲರಿಗೂ ಗೊತ್ತು. ಆದರೆ ಅಣಕಿಸುವವನಿಗೆ ಮೂಲದ ಮಟ್ಟು ಕರತಲಾಮಲಕವಾಗಿರಬೇಕಾಗುತ್ತದೆ, ಮತ್ತು 1508ರಲ್ಲಿ ಸಾರಗೋಸಾದಲ್ಲಿ ಅಚ್ಚಾದ ಅಮಾದಿಸ್ ದೆ ಗಾಉಲಾದಂಥ ಗ್ರಂಥಗಳ ಮಾತಿನ ವರಸೆಗಳನ್ನು ಸೆರ್ವಾಂತೆಸ್ ಎಷ್ಟು ಚೆನ್ನಾಗಿ ಬಲ್ಲನೆಂದರೆ, ನನ್ನ ಮಟ್ಟಿಗೆ ಅವನ ಪುಸ್ತಕವೇ ಆ ಪರಂಪರೆಯ ಕೊನೆಯ ಹಾಗೂ ಅತ್ಯುತ್ತಮ ವೀರಗಾಥೆ. ಬೆಂಗಳೂರಿನ ಸಂಜೆ ತರಗತಿಯೊಂದರಲ್ಲಿ ಎರಡು ವರ್ಷ ಸ್ಪ್ಯಾನಿಷ್ ಕಲಿತದ್ದು ಇದನ್ನು ಮೂಲದಲ್ಲಿ ಓದಬೇಕೆಂಬ ಒಂದೇ ಹಟದಿಂದ. ಅಲ್ಲಿ ಕಲಿಸಿದ ಇಂದಿನ ಸ್ಪ್ಯಾನಿಷ್, ಊರೂರು ಸುತ್ತಿ ಹೋಟೆಲಿನಲ್ಲಿ ಕೋಣೆ ಕೇಳಲು ಸಾಕಾಗುವಷ್ಟಿತ್ತು. ನಾಲ್ಕು ಶತಮಾನದ ಹಿಂದಿನ ಹೋಟೆಲಿಗೆ ಸಾಕಾಗಲಿಲ್ಲ.

ಅಕ್ಕನ ಪ್ರಶ್ನೆಯಾದ ಮೇಲೆ ನಾನು ಅನುವಾದವನ್ನು ನಿಲ್ಲಿಸಿ, ಪುಸ್ತಕವನ್ನು ಮತ್ತೆ ಮೊದಲಿನಿಂದ, ಒಪ್ಪಿಗೆಯ ಮಾತು ಬಂದ ಕಡೆಯೆಲ್ಲ ನಿಂತು ನಿಂತು ಓದತೊಡಗಿದೆ. ಒಂದೊಂದು ಮಾತಿಗೂ ಒಂದು ಕಾರ್ಡು. ಕಾರ್ಡಿನಲ್ಲಿ ನಾಲ್ಕು ಅಂಕಣ: ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಪದದಲ್ಲಿ ಹೇಳಿದರು, ಆಮೇಲೆ ಏನಾಯಿತು. ನಾಲ್ಕನೆಯ ಅಂಕಣವನ್ನು ಗೆರೆ ಎಳೆಯುವಾಗ ಜಾಗ ಉಳಿದಿದೆಯೆಂದು ಸುಮ್ಮನೆ ಸೇರಿಸಿದ್ದೆ. ಕೊನೆಗೆ ಕೆಲಸಕ್ಕೆ ಬಂದದ್ದು ಅದೇ. ಕಾರ್ಡುಗಳು ಎರಡು ಬೂಟಿನ ಡಬ್ಬಿಗಳನ್ನು ತುಂಬಿದವು. ಪಕ್ಕದಲ್ಲಿ 1611ರ ಕೊವಾರ್ರುಬಿಯಾಸನ ಸ್ಪ್ಯಾನಿಷ್ ನಿಘಂಟು ಕಂಪ್ಯೂಟರಿನಲ್ಲಿ ತೆರೆದಿರುತ್ತಿತ್ತು. ಅದು ಕಿಹೋತೆಯ ಎರಡು ಭಾಗಗಳ ನಡುವೆಯೇ ಬಂದ ನಿಘಂಟಾದ್ದರಿಂದ, ಒಂದು ಪದ ಅಂದಿನವರ ಕಿವಿಗೆ ಹೇಗೆ ಕೇಳುತ್ತಿತ್ತೆಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ. ಇನ್ನೊಂದು ಪಕ್ಕದಲ್ಲಿ 1894ರ ಕಿಟೆಲ್.

ಡಬ್ಬಿ ಅರ್ಧ ತುಂಬುವಷ್ಟರಲ್ಲಿ ನಾಲ್ಕೈದು ಮುಖ್ಯ ಮಾತುಗಳು ಬೇರೆಬೇರೆಯಾಗಿ ನಿಂತವು. ‘ಕೆ ಮೆ ಪ್ಲಾಸೆ’ ಎಂದರೆ ಪದಶಃ ‘ನನಗೆ ಹಿತ’ ಎಂದಂತೆ. ಇಲ್ಲಿ ಒಪ್ಪುವವನು ಕರ್ತೃವಲ್ಲ, ನಮ್ಮ ‘ನನಗೆ ಇಷ್ಟ’, ‘ನನಗೆ ಸಮ್ಮತ’ ಎಂಬಲ್ಲಿ ಇರುವ ಹಾಗೆ ಚತುರ್ಥಿಯಲ್ಲಿ ಕುಳಿತಿರುತ್ತಾನೆ. ‘ದೆ ಬುಎನಾ ಗಾನಾ’ ಎಂಬಲ್ಲಿಯ ಗಾನಾ ಮನಸ್ಸಿಗಿಂತ ಹೊಟ್ಟೆಗೆ ಹತ್ತಿರದ ಮಾತು. ಊಟದ ಹಸಿವಿಗೂ ಅದನ್ನೇ ಬಳಸುತ್ತಾರೆ, ಆದ್ದರಿಂದ ಅದು ಒಳಗಿನಿಂದ ಎದ್ದುಬರುವ ಬಯಕೆ. ‘ಗ್ರಾದೊ’ ಲ್ಯಾಟಿನಿನಿಂದ ಬಂದ ಹಳೆಯ ಮರ್ಯಾದೆಯ ಪದ, ಹೆಚ್ಚಾಗಿ ‘ದೆ ಗ್ರಾದೊ ಓ ಪೊರ್ ಫುಎರ್ಸಾ’, ಒಪ್ಪಿದರೆ ಸರಿ, ಇಲ್ಲವಾದರೆ ಬಲದಿಂದ, ಎಂಬ ಬೆದರಿಕೆಯ ಜೋಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ‘ವೊಲುಂತಾದ್’ ಎಂಬುದು ಇಚ್ಛೆ. ಪಾದ್ರಿಗಳ, ವಕೀಲರ, ಪ್ರೇಮಿಗಳ ಪದ. ಇವೆಲ್ಲಕ್ಕೂ ನಾನು ‘ಆಗಲಿ’ ಎಂದು ಬರೆದುಬಿಟ್ಟಿದ್ದೆ. ಆ ಮಾತಿನಲ್ಲಿ ಒಪ್ಪುವವನು ಚತುರ್ಥಿಯಲ್ಲಿ ಕೂಡ ಇಲ್ಲ! ಕೆಲಸ ತಾನಾಗಿಯೇ ಆಗಿಕೊಳ್ಳಲಿ ಎಂದು ಹಾರೈಸಿ ಮನುಷ್ಯ ಪಕ್ಕಕ್ಕೆ ಸರಿದಿರುತ್ತಾನೆ.

ಒಂದೇ ಮಾತು ಎರಡು ಬಾಯಲ್ಲಿ ಎರಡಾಗುವುದನ್ನು ನಾನು ಮೊದಲು ಕಂಡದ್ದು ಮೊದಲ ಭಾಗದ ಆರನೆಯ ಅಧ್ಯಾಯದಲ್ಲಿ. ಊರಿನ ಪಾದ್ರಿಯೂ ಕ್ಷೌರಿಕನೂ ಸೇರಿ ಕಿಹೋತೆಯ ಗ್ರಂಥಭಂಡಾರವನ್ನು ವಿಚಾರಣೆಗೆ ಒಳಪಡಿಸುತ್ತಾರೆ. ಅಮಾದಿಸ್ ತನ್ನ ಜಾತಿಯ ಪುಸ್ತಕಗಳಲ್ಲೇ ಶ್ರೇಷ್ಠವೆಂಬ ಕಾರಣಕ್ಕೆ ಬದುಕಿಕೊಳ್ಳುತ್ತದೆ, ಬಹಳಷ್ಟು ಪುಸ್ತಕಗಳು ಕಿಟಕಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೆಂಕಿಗೆ ಹೋಗುತ್ತವೆ. ಒಂದು ಪುಸ್ತಕವನ್ನು ಹೊರಗೆಸೆಯಲು ಪಾದ್ರಿ ಹೇಳಿದಾಗ ಮನೆಗೆಲಸದವಳು ‘ಕೆ ಮೆ ಪ್ಲಾಸೆ’ ಎನ್ನುತ್ತಾಳೆ, ಬಹಳ ಸಂತೋಷದಿಂದ ಎಸೆಯುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪುಸ್ತಕವನ್ನು, ಯಾರಿಗೂ ಓದಲು ಕೊಡಬಾರದೆಂಬ ಕಟ್ಟಳೆಯೊಂದಿಗೆ, ಮನೆಯಲ್ಲಿಟ್ಟುಕೊಳ್ಳಲು ಪಾದ್ರಿ ಕ್ಷೌರಿಕನಿಗೆ ಹೇಳಿದಾಗ ಅವನೂ ‘ಕೆ ಮೆ ಪ್ಲಾಸೆ’ ಎನ್ನುತ್ತಾನೆ. ಅವಳಿಗೆ ಹಿತವಾದದ್ದು ಸುಡುವುದು, ಇವನಿಗೆ ಹಿತವಾದದ್ದು ಇಟ್ಟುಕೊಳ್ಳುವುದು. ಅಪ್ಪಣೆ ಕೊಟ್ಟ ಪಾದ್ರಿ ಒಬ್ಬನೇ, ಉತ್ತರದ ಪದವೂ ಒಂದೇ. ಸ್ಪ್ಯಾನಿಷಿನಲ್ಲಿ ಈ ತಮಾಷೆ ಪದ ಒಂದೇ ಆಗಿರುವುದರಿಂದಲೇ ಹುಟ್ಟುತ್ತದೆಯೆಂದು ಗೊತ್ತಿದ್ದೂ ನಾನು ಕನ್ನಡದಲ್ಲಿ ಎರಡು ಮಾಡಿದೆ: ಅವಳ ಬಾಯಿಗೆ ‘ಅದಕ್ಕೇನಂತೆ, ಸಂತೋಷವಾಗಿ!’ ಎಂದೂ, ಇವನ ಬಾಯಿಗೆ ‘ಅಡ್ಡಿಯಿಲ್ಲ’ ಎಂದೂ ಇಟ್ಟೆ. ಈಗಲೂ ಇದು ಸರಿಯಾಯಿತೆಂದು ಎದೆಮುಟ್ಟಿ ಹೇಳಲಾರೆ. ಆದರೆ ಉತ್ತರ ಕರ್ನಾಟಕದ ನೆಂಟರೊಬ್ಬರು ದೋಸೆ ಇನ್ನೊಂದು ಬಡಿಸಲೇ ಎಂದಾಗ ‘ಅಡ್ಡಿಯಿಲ್ಲ’ ಎಂದು ಹೇಳುವ ಆ ತಣ್ಣನೆಯ ಆಸೆ ಕ್ಷೌರಿಕನಿಗೆ ಹೇಳಿಮಾಡಿಸಿದಂತೆ ಕುಳಿತದ್ದಂತೂ ಹೌದು.

ವೀರಗಾಥೆಗಳ ನಿಜವಾದ ಒಪ್ಪಿಗೆಯ ವಿಧಿ ಇದಕ್ಕಿಂತ ಭಾರವಾದದ್ದು. ಕೇಳುವವರು ಮೊಣಕಾಲೂರುತ್ತಾರೆ, ಬೇಡುವ ವರ ಏನೆಂದು ಹೇಳದೆಯೇ, ಕೊಟ್ಟೆ ಎನ್ನುವವರೆಗೂ ಏಳುವುದಿಲ್ಲ ಎನ್ನುತ್ತಾರೆ, ವೀರನಾದವನು ಕುರುಡಾಗಿ ಕೊಟ್ಟೆ ಎನ್ನಬೇಕು. ಮೂರನೆಯ ಅಧ್ಯಾಯದಲ್ಲಿ ಕಿಹೋತೆ ಹೋಟೆಲಿನವನ ಮುಂದೆ ಹೀಗೆಯೇ ಮೊಣಕಾಲೂರಿ, ತನಗೆ ವೀರದೀಕ್ಷೆ ಕೊಡಬೇಕೆಂದು ಬೇಡುತ್ತಾನೆ, ಮತ್ತು ಹೋಟೆಲಿನವನು ಆ ರಾತ್ರಿ ನಗಲು ಒಂದು ನೆಪ ಸಿಕ್ಕಿತೆಂದು ಒಪ್ಪುತ್ತಾನೆ. ಇಪ್ಪತ್ತೊಂಬತ್ತನೆಯ ಅಧ್ಯಾಯದಲ್ಲಿ ದೊರೊತೇಯಾ ಎಂಬ ಜಾಣೆ ರಾಜಕುಮಾರಿಯ ವೇಷ ಹಾಕಿ ಅದೇ ವಿಧಿಯನ್ನು ಅವನ ಮೇಲೆಯೇ ಪ್ರಯೋಗಿಸುತ್ತಾಳೆ. ಅವಳೂ ವೀರಗಾಥೆಗಳನ್ನು ಸಾಕಷ್ಟು ಓದಿದವಳು, ಆ ಪಾತ್ರವನ್ನು ಕ್ಷೌರಿಕನಿಗಿಂತ ತಾನೇ ಚೆನ್ನಾಗಿ ಮಾಡಬಲ್ಲೆನೆಂದು ತಾನಾಗಿ ಮುಂದೆ ಬಂದವಳು. ಕಾಣದ ವರಕ್ಕೆ ಕೊಟ್ಟ ಮಾತು ಎಂದರೆ ಏನೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ, ಕೈಕೇಯಿ ಇದ್ದಾಳೆ. ಆದರೆ ಕಿಹೋತೆ ದಶರಥನಿಗಿಂತ ಎಚ್ಚರದವನು: ತನ್ನ ರಾಜನಿಗೆ, ತನ್ನ ನಾಡಿಗೆ, ತನ್ನ ಹೃದಯದ ಕೀಲಿಕೈ ಯಾರ ಬಳಿಯಿದೆಯೋ ಆ ಹೆಣ್ಣಿಗೆ ಕೇಡಾಗದಿದ್ದರೆ ಮಾತ್ರ ವರ ಕೊಟ್ಟೆ ಎನ್ನುತ್ತಾನೆ. ಈ ಷರತ್ತು ಅಯೋಧ್ಯೆಯಲ್ಲಿ ಹೊಳೆದಿದ್ದರೆ ವಾಲ್ಮೀಕಿಗೆ ಬರೆಯಲು ಏನೂ ಉಳಿಯುತ್ತಿರಲಿಲ್ಲ.

ಈ ವರಕ್ಕೆ ಸ್ಪ್ಯಾನಿಷಿನಲ್ಲಿ ‘ದೊನ್’ ಎಂದು ಹೆಸರು. ನಮ್ಮ ದಾನವೂ ಅದೂ ದೂರದ ಒಂದೇ ಬೇರಿನಿಂದ ಬಂದವು. ನಮ್ಮ ನಾಯಕ ತನ್ನ ಹೆಸರಿಗೆ ತಾನೇ ಅಂಟಿಸಿಕೊಂಡ ‘ದೊನ್’ ಬೇರೆ, ಅದು ಒಡೆಯ ಎಂಬರ್ಥದ ಲ್ಯಾಟಿನ್ ಪದದ ಮರಿ. ನೋಡಲು ಎರಡೂ ಒಂದೇ. ಇಂಥ ಕಡೆ ಅನುವಾದಕ ಸುಮ್ಮನೆ ಕೈಮುಗಿದು ಮುಂದೆ ಹೋಗಬೇಕು.

ಆದರೆ ಆ ವಿಧಿಯ ಮಾತಿನಲ್ಲಿ ಇನ್ನೊಂದು ತೊಡಕಿತ್ತು, ಅದನ್ನು ಬಿಟ್ಟು ಹೋಗುವಂತಿರಲಿಲ್ಲ. ಮೊಣಕಾಲೂರಿದವರು ‘ಆಸ್ತಾ’ ಎನ್ನುವುದಿಲ್ಲ, ‘ಫಾಸ್ತಾ’ ಎನ್ನುತ್ತಾರೆ. ‘ಎರ್ಮೋಸಾ’ ಎನ್ನುವುದಿಲ್ಲ, ‘ಫೆರ್ಮೋಸಾ’ ಎನ್ನುತ್ತಾರೆ. ಹಳೆಯ ಸ್ಪ್ಯಾನಿಷಿನ ಪದಾದಿಯ ಫಕಾರ ಮೆಲ್ಲಗೆ ಹಕಾರವಾಗಿ, ಆಮೇಲೆ ಬಾಯಿಂದಲೇ ಮಾಯವಾಯಿತು. ಸೆರ್ವಾಂತೆಸನ ಕಾಲಕ್ಕೆ ಫಕಾರ ಹಿಡಿದು ಮಾತಾಡುವವನು ಹಳೆಯ ಪುಸ್ತಕದೊಳಗಿಂದ ಎದ್ದು ಬಂದವನಂತೆ ಕೇಳಿಸುತ್ತಿದ್ದ. ಇದನ್ನು ಹೇಗೆ ತರುವುದೆಂದು ವಾರಗಟ್ಟಲೆ ತಲೆ ಕೆರೆದುಕೊಂಡ ನನಗೆ ಉತ್ತರ ಬಾಯೊಳಗೇ ಇದ್ದದ್ದು ಹೊಳೆದದ್ದು ಒಂದು ಬೆಳಿಗ್ಗೆ ಹಾಲು ಕಾಯಿಸುವಾಗ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರಕ್ಕೆ ಇಳಿದದ್ದೂ, ಸ್ಪೇನಿನಲ್ಲಿ ಫಕಾರ ಇಳಿದದ್ದೂ ಒಂದೇ ಇಳಿಜಾರಿನಲ್ಲಿ! ಆವತ್ತು ಹಾಲು ಉಕ್ಕಿ ಹೋಯಿತು. ಮಧ್ಯಾಹ್ನದೊಳಗೆ ಕಿಹೋತೆ ‘ಪೋಗಲಾರೆನ್’, ‘ಪೇಳಿಂ’ ಎನ್ನತೊಡಗಿದ್ದ.

ಅತ್ಯುತ್ಸಾಹದಲ್ಲಿ ನಾನು ಮೊದಲಿಗೆ ಅವನ ಮಾತನ್ನೆಲ್ಲ ಹಳಗನ್ನಡಕ್ಕೆ ತಿರುಗಿಸಿ ಕೆಡಿಸಿದೆ. ಅಕ್ಕ ಕೇಳಿಸಿಕೊಂಡು, ‘ಇವನು ಪಂಪನ ಅರ್ಜುನನಂತೆ ಗಂಭೀರನಾಗಿಬಿಟ್ಟ, ನಗುವುದೆಲ್ಲಿ?’ ಎಂದಳು. ಮೂಲದಲ್ಲಿ ಹೋಟೆಲಿನ ಬಾಗಿಲಿನ ಹೆಂಗಸರಿಗೆ ಅವನ ಭಾಷೆ ಅರ್ಥವಾಗದೆ ನಗು ಇನ್ನೂ ಹೆಚ್ಚುತ್ತದೆ. ನನ್ನ ಅನುವಾದದಲ್ಲಿ ಅವರು ಕೈಮುಗಿಯುವಂತಿದ್ದರು. ಆಮೇಲೆ ಪಕಾರವೊಂದನ್ನೂ, ಒಂದೆರಡು ಕ್ರಿಯಾಪದದ ಕೊನೆಗಳನ್ನೂ ಉಳಿಸಿ ಮಿಕ್ಕದ್ದನ್ನು ಹೊಸಗನ್ನಡಕ್ಕೆ ಬಿಟ್ಟೆ. ‘ಎನಗೊಂದು ವರವನೀಯುವನಕ ಈ ನೆಲದಿಂದ ಏಳೆನು, ಪೇಳಿಂ ಕೊಟ್ಟೆನೆಂದು’ ಎಂದು ಓದಿದಾಗ ಅವಳು ನಕ್ಕಳು. ಅದು ಉಳಿಯಿತು.

ಕಿಹೋತೆಯ ಸೇವಕ ಸಾಂಚೊ ಪಾಂಸಾನ ಒಪ್ಪಿಗೆಗೆ ಪದ ಹುಡುಕಿದ್ದು ಬೇರೆಯೇ ಕಥೆ. ನಡುಗನ್ನಡದ ಕಾವ್ಯಗಳಲ್ಲಿ ಒಡೆಯನ ಅಪ್ಪಣೆಗೆ ಸೇವಕ ‘ಹಸಾದ’ ಎನ್ನುತ್ತಾನೆ. ಪ್ರಸಾದವೇ ತದ್ಭವವಾಗಿ ಬಂದ ಮಾತು, ಅಪ್ಪಣೆಯನ್ನೇ ಅನುಗ್ರಹವೆಂದು ತಲೆಯ ಮೇಲೆ ಹೊತ್ತುಕೊಳ್ಳುವ ಮಾತು. ಸಾಂಚೊಗೆ ಅದನ್ನು ಕೊಟ್ಟು ನೋಡಿದೆ, ಕಾಲಿಗೆ ದೊಡ್ಡದಾದ ಬೂಟಿನಂತಾಯಿತು. ಹಳೇ ಮೈಸೂರಿನ ಕಡೆಯ ‘ಆಗ್ಲಿ ಬುದ್ಧಿ’ ಎಂಬುದನ್ನು ಹಾಕಿದೆ. ಆಗ ಅವನು ಯಾವನೋ ಜಮೀನುದಾರನ ಮನೆಯಂಗಳದಲ್ಲಿ ಟವೆಲು ಕಂಕುಳಿಗೆ ಸಿಕ್ಕಿಸಿ ನಿಂತ ಆಳಾದ. ಸಾಂಚೊ ಅಂಥ ಆಳಲ್ಲ. ಅದೇ ಊರಿನ ರೈತ, ನೆರೆಯವನು, ದ್ವೀಪವೊಂದರ ಆಡಳಿತ ಸಿಗುತ್ತದೆಂಬ ಲೆಕ್ಕ ಹಾಕಿ ಹೊರಟವನು. ಏಳನೆಯ ಅಧ್ಯಾಯದಲ್ಲಿ ಕಿಹೋತೆ ಅವನಿಗೆ, ತನ್ನೊಡನೆ ‘ದೆ ಬುಎನಾ ಗಾನಾ’ ಹೊರಡಬೇಕು, ಕಡ್ಡಿ ಎತ್ತಿಡುವಷ್ಟರಲ್ಲಿ ದ್ವೀಪವೊಂದನ್ನು ಗೆದ್ದು ಕೊಟ್ಟೇನು ಎನ್ನುತ್ತಾನೆ. ಅಂದರೆ ಅವರಿಬ್ಬರ ನಂಟಿನ ಮೊದಲ ಮಾತುಗಳಲ್ಲೇ ಈ ಒಪ್ಪಿಗೆಯ ಪದವಿದೆ, ಅದೂ ಒಪ್ಪಬೇಕಾದವನ ಬಾಯಲ್ಲಲ್ಲ, ಒಪ್ಪಿಸುವವನ ಬಾಯಲ್ಲಿ. ಇದನ್ನು ನಾನು ‘ಮನಸ್ಸು ಮಾಡಿ ಹೊರಡು’ ಎಂದು ತಿರುಗಿಸಿದೆ. ಮನಸ್ಸು ಇರುವುದಕ್ಕೂ ಮನಸ್ಸು ಮಾಡುವುದಕ್ಕೂ ಕನ್ನಡದಲ್ಲಿ ಇರುವ ಅಂತರ ಇಲ್ಲಿ ತಾನಾಗಿ ಒದಗಿಬಂತು.

ತನಗೆ ನಿಜವಾಗಿ ಮನಸ್ಸಿರುವ ಕಡೆ ಸಾಂಚೊ ಹೇಗೆ ಒಪ್ಪುತ್ತಾನೆಂಬುದಕ್ಕೆ ಎಂಟನೆಯ ಅಧ್ಯಾಯವೇ ಸಾಕು. ವೀರರೊಡನೆ ಕಾದಾಟವಾದಾಗ ನೀನು ಕತ್ತಿಗೆ ಕೈಹಾಕಕೂಡದು ಎಂದು ಒಡೆಯ ಕಟ್ಟಪ್ಪಣೆ ಮಾಡಿದರೆ, ಈ ಆಜ್ಞೆಯನ್ನು ಭಾನುವಾರದ ವ್ರತದಷ್ಟೇ ನಿಷ್ಠೆಯಿಂದ ಪಾಲಿಸುತ್ತೇನೆ ಎನ್ನುತ್ತಾನೆ. ಇಡೀ ಮೊದಲ ಭಾಗದಲ್ಲಿ ಇಷ್ಟು ಹೃತ್ಪೂರ್ವಕವಾದ ವಿಧೇಯತೆ ಇನ್ನೊಂದಿಲ್ಲ.

ಕಾರ್ಡುಗಳ ನಾಲ್ಕನೆಯ ಅಂಕಣದ ಬೆಲೆ ತಿಳಿದದ್ದು ನಾಲ್ಕನೆಯ ಅಧ್ಯಾಯದ ಜಮೀನುದಾರನಿಂದ. ಅವನು ಆಂದ್ರೆಸ್ ಎಂಬ ಕುರಿಕಾಯುವ ಹುಡುಗನನ್ನು ಮರಕ್ಕೆ ಕಟ್ಟಿ ಬಾರಿಸುತ್ತಿರುತ್ತಾನೆ. ಒಂಬತ್ತು ತಿಂಗಳ ಸಂಬಳ, ತಿಂಗಳಿಗೆ ಏಳು ರೆಯಾಲಿನಂತೆ, ಬಾಕಿಯಿದೆ. ಕಿಹೋತೆ ಲೆಕ್ಕ ಹಾಕಿ ಮೊತ್ತ ಹೇಳುತ್ತಾನೆ. ಮೊದಲ ಮುದ್ರಣದಲ್ಲಿ ಅದು 73 ಎಂದಿದೆ, ನಂತರ ಬಂದ ಅನೇಕ ಆವೃತ್ತಿಗಳು 63 ಎಂದು ತಿದ್ದಿವೆ. ತಪ್ಪು ಅಚ್ಚಿನ ಮನೆಯದೋ ವೀರನದೋ, ನಾನಂತೂ 73ನ್ನೇ ಉಳಿಸಿಕೊಂಡೆ, ನೊಂದ ಹುಡುಗನಿಗೆ ಹತ್ತು ರೆಯಾಲು ಹೆಚ್ಚೇ ಇರಲಿ. ಜಮೀನುದಾರ ಲೋಕದಲ್ಲಿರುವ ಎಲ್ಲ ವೀರಪಂಥಗಳ ಮೇಲೂ ಆಣೆಯಿಟ್ಟು, ರೆಯಾಲಿನ ಮೇಲೆ ರೆಯಾಲಿಟ್ಟು, ಅದೂ ಧೂಪದ ಹೊಗೆ ಹಿಡಿದು ಕೊಡುತ್ತೇನೆ ಎನ್ನುತ್ತಾನೆ. ಇದಕ್ಕೆ ‘ಸಾಂಬ್ರಾಣಿ ಹೊಗೆ ಹಾಕಿ ಎಣಿಸಿ ಕೊಡುತ್ತೇನೆ’ ಎಂಬುದು ಕನ್ನಡದಲ್ಲಿ ಸಲೀಸಾಗಿ ಬಂತು. ಇಡೀ ಡಬ್ಬಿಯಲ್ಲಿ ಇದಕ್ಕಿಂತ ಸುವಾಸನೆಯ ಒಪ್ಪಿಗೆ ಇರಲಿಲ್ಲ. ನಾಲ್ಕನೆಯ ಅಂಕಣ: ವೀರನ ಬೆನ್ನು ತಿರುಗಿದ ಕೂಡಲೇ ಹುಡುಗನನ್ನು ಅದೇ ಮರಕ್ಕೆ ಮತ್ತೆ ಕಟ್ಟಿ, ಸಾಯುವಂತೆ ಹೊಡೆದ. ಮೂವತ್ತೊಂದನೆಯ ಅಧ್ಯಾಯದಲ್ಲಿ ಆಂದ್ರೆಸ್ ಮತ್ತೆ ಎದುರಾಗಿ, ಇನ್ನೊಮ್ಮೆ ನನ್ನನ್ನು ತುಂಡುತುಂಡು ಮಾಡುತ್ತಿದ್ದರೂ ದಯವಿಟ್ಟು ಸಹಾಯಕ್ಕೆ ಬರಬೇಡಿ ಎಂದು ಕಿಹೋತೆಗೆ ಹೇಳುತ್ತಾನೆ.

ಇದಾದ ಮೇಲೆ ನಾನು ಪ್ರತಿ ಕಾರ್ಡನ್ನೂ ನಾಲ್ಕನೆಯ ಅಂಕಣದಿಂದ ಹಿಂದಕ್ಕೆ ಓದುವ ಅಭ್ಯಾಸ ಮಾಡಿಕೊಂಡೆ. ಮಾತು ಎಷ್ಟು ಅಲಂಕಾರವಾಗಿದೆಯೋ ಅಷ್ಟು ಅದರ ಹಿಂದಿನ ಮನಸ್ಸು ತೆಳುವಾಗಿರುತ್ತದೆಯೆಂಬ ಅನುಮಾನ ಕಾರ್ಡು ಕಾರ್ಡಿಗೂ ಗಟ್ಟಿಯಾಯಿತು. ಸರಪಳಿ ಬಿಗಿದು ಹಡಗಿನ ಹುಟ್ಟುಹಾಕಲು ಒಯ್ಯುತ್ತಿದ್ದ ಕೈದಿಗಳ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಅದು ನೇರವಾಗಿ ಮೇಲೆದ್ದು ಬಂತು. ಇವರು ರಾಜನ ಬಲವಂತದ ಜನ ಎಂದು ಸಾಂಚೊ ಹೇಳಿದಾಗ ಕಿಹೋತೆ, ರಾಜ ಯಾರನ್ನಾದರೂ ಬಲವಂತ ಮಾಡುವುದುಂಟೇ ಎಂದು ಬೆರಗಾಗಿ ಕೇಳುತ್ತಾನೆ; ಶಿಕ್ಷೆಯ ವಿಷಯ ವಿವರಿಸಿದರೂ, ಏನೇ ಇರಲಿ, ಇವರು ಹೋಗುತ್ತಿರುವುದು ಬಲದಿಂದ, ತಮ್ಮ ‘ವೊಲುಂತಾದ್’ನಿಂದ ಅಲ್ಲ, ಎಂದು ಅಷ್ಟನ್ನೇ ಹಿಡಿದುಕೊಳ್ಳುತ್ತಾನೆ. ಹತ್ತು ದುಕಾತು ಇಲ್ಲದ್ದರಿಂದ ಶಿಕ್ಷೆಯಾಯಿತು ಎಂದ ಒಬ್ಬನಿಗೆ, ಬಿಡಿಸಲು ಇಪ್ಪತ್ತನ್ನು ‘ದೆ ಮುಯ್ ಬುಎನಾ ಗಾನಾ’ ಕೊಡುತ್ತೇನೆ ಎನ್ನುತ್ತಾನೆ. ನಡುಗಡಲಿನಲ್ಲಿ ದುಡ್ಡಿದ್ದೂ ಹಸಿವಿನಿಂದ ಸಾಯುವವನಿಗೆ ಹೇಳಿದಂತಾಯಿತು ಎಂದು ಕೈದಿ ಉತ್ತರಿಸುತ್ತಾನೆ. ಕೊನೆಗೆ ಅವರನ್ನು ಬಿಡಿಸಿದ ವೀರ, ಇನ್ನು ನೀವೆಲ್ಲ ಸರಪಳಿ ಹೊತ್ತು ತೊಬೊಸೊ ಊರಿಗೆ ಹೋಗಿ ನನ್ನ ಮನದರಸಿ ದುಲ್ಸಿನೇಯಾಳ ಮುಂದೆ ನಿಲ್ಲಬೇಕೆಂದು ಅಪ್ಪಣೆ ಮಾಡುತ್ತಾನೆ, ಅವರು ಕಲ್ಲು ಬೀರುತ್ತಾರೆ. ಬಲವಂತವನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಿದವನಿಗೆ ತನ್ನದೇ ಬಲವಂತ ಕಾಣಲಿಲ್ಲ.

ಇದೇ ಭಾಗದ ಹದಿನಾಲ್ಕನೆಯ ಅಧ್ಯಾಯದ ಮಾರ್ಸೆಲಾಳನ್ನು ನಾನು ತಡವಾಗಿ ಅರ್ಥಮಾಡಿಕೊಂಡೆ. ತನಗಾಗಿ ಹಂಬಲಿಸಿ ಸತ್ತವನ ಹೆಣದ ಮುಂದೆ, ಬಂಡೆಯ ಮೇಲೆ ನಿಂತು, ನಿಜವಾದ ಪ್ರೀತಿ ಇಚ್ಛೆಯಿಂದ ಬರಬೇಕು, ಬಲದಿಂದಲ್ಲ ಎನ್ನುವವಳು ಅವಳು. ಸ್ಪ್ಯಾನಿಷಿನಲ್ಲಿ ‘ಕೆರೆರ್’ ಎಂಬ ಒಂದೇ ಕ್ರಿಯಾಪದ ಬಯಸುವುದಕ್ಕೂ ಪ್ರೀತಿಸುವುದಕ್ಕೂ ಸಲ್ಲುತ್ತದೆ, ಅವಳ ವಾದದ ಬೆನ್ನೆಲುಬೇ ಆ ಎರಡರ ನಂಟು. ಕನ್ನಡದಲ್ಲಿ ಅಂಥದ್ದು ಇಲ್ಲವೆಂದು ಬೇಸರಿಸುತ್ತಿದ್ದಾಗ ಕಿಟೆಲ್ ನನ್ನನ್ನು ‘ಒಲ್’ ಎಂಬ ಧಾತುವಿನ ಮುಂದೆ ತಂದು ನಿಲ್ಲಿಸಿದ. ಒಲವು ಅಲ್ಲಿಂದ ಬಂತು. ‘ಒಲ್ಲೆ’ಯೂ ಅಲ್ಲಿಂದಲೇ ಬಂತು. ಪ್ರೀತಿಸುವುದೂ ಒಪ್ಪುವುದೂ ನಮ್ಮಲ್ಲಿಯೂ ಒಂದೇ ಪದವಾಗಿತ್ತು. ಆದರೆ ದಿನಬಳಕೆಯಲ್ಲಿ ಉಳಿದದ್ದು ನಿರಾಕರಣೆಯ ಅರ್ಧ ಮಾತ್ರ. ಒಲ್ಲೆ ಎಂದು ಇಂದಿಗೂ ಹೇಳುತ್ತೇವೆ, ಹುಬ್ಬಳ್ಳಿ ಧಾರವಾಡದ ಕಡೆ ಮಕ್ಕಳೂ ಹೇಳುತ್ತವೆ. ಅದರ ಇದಿರು ಮಾತಾಗಿ ‘ಹೂಂ’ ಅನ್ನುವಾಗ ಮಾತ್ರ ಆಗಲಿ, ಆಯಿತು ಎಂದು ಕ್ರಿಯೆಗೆ ದಾರಿ ಬಿಟ್ಟುಕೊಟ್ಟು ನಿಲ್ಲುತ್ತೇವೆ. ಅಕ್ಕನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರದಿದ್ದುದಕ್ಕೆ ಅರ್ಧ ಕಾರಣ ಇಲ್ಲಿತ್ತು. ಮಾರ್ಸೆಲಾಳ ಬಾಯಲ್ಲಿ ನಾನು ‘ಒಲಿದರೆ ಒಲವು, ಒಲ್ಲದವಳಿಂದ ಕಿತ್ತುಕೊಂಡದ್ದು ಒಲವಲ್ಲ’ ಎಂದು ಬರೆದೆ. ಮೂಲದಲ್ಲಿ ಇಷ್ಟು ಒಲವಿಲ್ಲ, ಒಪ್ಪುತ್ತೇನೆ.

ಎರಡನೆಯ ಭಾಗದಲ್ಲಿ ಮಾತು ಬಿಗಿಯಾಗುತ್ತದೆ. ಏಳನೆಯ ಅಧ್ಯಾಯದಲ್ಲಿ ಸಾಂಚೊ ಮೂರನೆಯ ಪಯಣಕ್ಕೆ ಹೆಂಡತಿಯನ್ನು ಒಪ್ಪಿಸಿ ಬಂದಿದ್ದಾನೆ, ಆದರೆ ‘ರೆದುಸಿದಾ’ ಎನ್ನುವ ಬದಲು ‘ರೆಲುಸಿದಾ’ ಎಂದುಬಿಡುತ್ತಾನೆ: ಮೊದಲನೆಯದು ಮನವೊಲಿಸಿದ್ದು, ಎರಡನೆಯದು ಹೊಳೆಯುವಂತೆ ಮಾಡಿದ್ದು. ಇಂಥ ಕಡೆ ಅಡಿಟಿಪ್ಪಣಿ ಹಾಕಿ ಸೋಲೊಪ್ಪುವುದು ಅನುವಾದಕರ ವಾಡಿಕೆ. ನಾನೂ ಟಿಪ್ಪಣಿ ಬರೆಯಲು ಕುಳಿತವನು, ‘ಹೆಂಡತಿಯನ್ನು ಒಪ್ಪಿಸಿದ್ದೇನೆ’ ಎಂದು ಬರೆದು, ಅದರ ಕೆಳಗೆ ಅಕ್ಕಸಾಲಿಗರು ಚಿನ್ನಕ್ಕೆ ಹಾಕುವ ಒಪ್ಪ ನೆನಪಾಗಿ ಪೆನ್ನು ಕೆಳಗಿಟ್ಟೆ. ‘ನನ್ನ ಹೆಂಡತಿಗೆ ಒಪ್ಪ ಹಾಕಿದ್ದೇನೆ, ನಿಮ್ಮ ಜೊತೆ ಹೋಗು ಎಂದಿದ್ದಾಳೆ.’ ‘ಒಪ್ಪಿಸಿದ್ದೇನೆ ಎನ್ನಬೇಕು ಸಾಂಚೊ, ಒಪ್ಪ ಹಾಕಿದ್ದೇನೆ ಎಂದಲ್ಲ.’ ಮೂರು ವರ್ಷದ ಕೆಲಸದಲ್ಲಿ ಕನ್ನಡ ತಾನಾಗಿ ಎದ್ದು ಬಂದು ಕೈಹಿಡಿದ ಗಳಿಗೆ ಇದೊಂದೇ. ಇದಕ್ಕೆ ನನ್ನ ಜಾಣತನ ಏನೂ ಕಾರಣವಲ್ಲ. ಅದೇ ಅಧ್ಯಾಯದಲ್ಲಿ ಸಾಂಚೊ ಹೆಂಡತಿಯ ಮಾತಿನಂತೆ ತಿಂಗಳ ಸಂಬಳ ಕೇಳುತ್ತಾನೆ, ಒಡೆಯ ನಿರಾಕರಿಸುತ್ತಾನೆ, ಅಷ್ಟರಲ್ಲಿ ಬಂದ ಪದವೀಧರ ಕರ್ರಾಸ್ಕೊ ತಾನೇ ಸೇವಕನಾಗುತ್ತೇನೆ ಎಂದಾಗ ಸಾಂಚೊ ಕಣ್ಣೀರಿಟ್ಟು, ನಿಷ್ಠೆಯಿಂದ ಸೇವೆಮಾಡಲು ತನ್ನನ್ನು ಹೊಸದಾಗಿ ಒಪ್ಪಿಸಿಕೊಳ್ಳುತ್ತಾನೆ. ಆ ಕಾರ್ಡಿನ ನಾಲ್ಕನೆಯ ಅಂಕಣದಲ್ಲಿ ಬರೆದದ್ದು: ಹೋದ.

ಇನ್ನು ಮೂವತ್ತೈದನೆಯ ಅಧ್ಯಾಯ. ಡ್ಯೂಕ್ ದಂಪತಿ ತಮಾಷೆಗಾಗಿ ಹೂಡಿದ ನಾಟಕದಲ್ಲಿ ಮಾಂತ್ರಿಕ ಮೆರ್ಲಿನನ ವೇಷದವನು ಬಂದು, ದುಲ್ಸಿನೇಯಾಳ ಮೇಲಿನ ಮಾಟ ಕಳೆಯಲು ಸಾಂಚೊ ತನ್ನ ಕುಂಡೆಗಳ ಮೇಲೆ ತಾನೇ 3,300 ಛಡಿಯೇಟು ಹೊಡೆದುಕೊಳ್ಳಬೇಕು ಎನ್ನುತ್ತಾನೆ. ಕಿಹೋತೆ ಮರಕ್ಕೆ ಕಟ್ಟಿ ನಾನೇ ಬಾರಿಸುತ್ತೇನೆ ಎಂದು ಸಿಡಿದರೆ, ಮೆರ್ಲಿನ್ ತಡೆಯುತ್ತಾನೆ: ಏಟುಗಳು ಸಾಂಚೊನ ಇಚ್ಛೆಯಿಂದ ಬೀಳಬೇಕು, ಬಲದಿಂದಲ್ಲ, ಅವನಿಗೆ ಬೇಕೆನಿಸಿದ ಹೊತ್ತಿನಲ್ಲಿ ಬೀಳಬೇಕು. ಎಲ್ಲರೂ ಸೇರಿ ಬೈದು, ಮುದ್ದಿಸಿ, ದ್ವೀಪದ ಆಡಳಿತ ತಪ್ಪೀತೆಂದು ಹೆದರಿಸಿ ಆ ‘ಇಚ್ಛೆ’ಯನ್ನು ಅವನಿಂದ ಹೊರಡಿಸುತ್ತಾರೆ. ಮೊದಲ ಕರಡಿನಲ್ಲಿ ಅವನು ‘ಒಪ್ಪಿದೆ’ ಎಂದಿದ್ದ. ಓದುತ್ತಾ ಹೋದಂತೆ ಆ ಪದ ಬಾಯಲ್ಲಿ ಕಲ್ಲಿನಂತೆ ಸಿಕ್ಕಿತು. ಒಪ್ಪಿದೆ ಎನ್ನುವುದು ಸ್ವತಂತ್ರನ ಮಾತು. ‘ಒಪ್ಪಿಕೊಂಡೆ’ ಎಂದರೆ ಅಲ್ಲಿ ಒಂದಿಷ್ಟು ಬಾಗಿದ ಬೆನ್ನಿದೆ, ತಪ್ಪು ಒಪ್ಪಿಕೊಳ್ಳುವುದು, ಸೋಲು ಒಪ್ಪಿಕೊಳ್ಳುವುದು ಎಂಬಲ್ಲಿ ಇರುವ ಹಾಗೆ. ಸಾಂಚೊ ಹೇಳುವುದೂ ತನ್ನ ದುರದೃಷ್ಟಕ್ಕೆ ಸಮ್ಮತಿಸುತ್ತೇನೆ ಎಂದೇ. ‘ನನ್ನ ಹಣೆಬರಹವನ್ನು ಒಪ್ಪಿಕೊಂಡೆ’ ಎಂದು ತಿದ್ದಿದೆ. ‘ಕೊಳ್ಳು’ ಎಂಬ ಆ ಪುಟ್ಟ ಬಾಲಕ್ಕಾಗಿ ಒಂದು ತಿಂಗಳು ಹೋಗಿತ್ತು. ಒಪ್ಪಿಕೊಂಡವನು ತಕ್ಷಣ ಷರತ್ತು ಹಾಕುತ್ತಾನೆ, ಬೇಕೆನಿಸಿದಾಗ ಮಾತ್ರ, ಗಡುವಿಲ್ಲ, ರಕ್ತ ಬರಲೇಬೇಕೆಂದಿಲ್ಲ. ಇಷ್ಟು ಪುಟಗಳಲ್ಲಿ ಸುಗಂಧ ಪೂಸಿ ಬಂದ ಒಪ್ಪಿಗೆಗಳ ನಡುವೆ ಮೊದಲ ಬಾರಿಗೆ ಕರಾರಿನ ವಾಸನೆಯ ಒಪ್ಪಿಗೆಯೊಂದು ಬಂತು, ಮತ್ತು ನಾನು ಅದನ್ನು ನಂಬಿದೆ.

ಕಿಹೋತೆ ಕಾಯಲಾರದೆ ಅರವತ್ತನೆಯ ಅಧ್ಯಾಯದ ರಾತ್ರಿ ಮಲಗಿದ್ದ ಸಾಂಚೊನ ಬಟ್ಟೆ ಸಡಿಲಿಸಿ ತಾನೇ ಹೊಡೆಯಲು ಹೋಗುತ್ತಾನೆ. ಸಾಂಚೊ ಎದ್ದು, ಒಡೆಯನನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ ಕೂರುತ್ತಾನೆ. ಮೊದಲ ಭಾಗದಲ್ಲಿ ವರ ಬೇಡಲು ಊರಿದ ಮೊಣಕಾಲಿಗೂ ಇದಕ್ಕೂ ಇರುವ ದೂರವನ್ನು ನಾನು ಕಾರ್ಡಿನ ಅಂಚಿನಲ್ಲಿ ಒಂದು ಆಶ್ಚರ್ಯಚಿಹ್ನೆಯಿಂದ ಗುರುತಿಸಿಟ್ಟಿದ್ದೇನೆ. ನಾನು ಮಾತುಕೊಟ್ಟ ಏಟುಗಳು ಇಚ್ಛೆಯವು, ಬಲದವಲ್ಲ, ಈಗ ನನಗೆ ‘ಗಾನಾ’ ಇಲ್ಲ, ಎನ್ನುತ್ತಾನೆ. ನನಗೆ ನಾನೇ ಒಡೆಯ, ನನಗೆ ನಾನೇ ನೆರವಾಗುತ್ತಿದ್ದೇನೆ, ಎನ್ನುತ್ತಾನೆ. ಅಲ್ಲಿ ನನಗೆ ಹುಡುಕಾಟವೇ ಬೇಕಾಗಲಿಲ್ಲ. ‘ಈಗ ಒಲ್ಲೆ’ ಎಂದು ಬರೆದೆ.

ಕಳೆದ ಮಾಘದಲ್ಲಿ ಎಪ್ಪತ್ತೊಂದನೆಯ ಅಧ್ಯಾಯವನ್ನು ಅಕ್ಕನಿಗೆ ಓದಿದೆ. ಹೆಂಡತಿ ಮಕ್ಕಳ ಮೇಲಿನ ಪ್ರೀತಿ ನನ್ನನ್ನು ದುಡ್ಡಿನಾಸೆಯವನನ್ನಾಗಿ ಮಾಡಿದೆಯೆಂದು ಹೇಳಿ ಸಾಂಚೊ ಕೊನೆಗೂ ಏಟಿಗೆ ಬೆಲೆ ಕಟ್ಟುತ್ತಾನೆ: ಒಂದಕ್ಕೆ ಕಾಲು ರೆಯಾಲು, 3,300ಕ್ಕೆ 825 ರೆಯಾಲು, ಲೆಕ್ಕ ಈ ಸಲ ಸರಿಯಾಗಿದೆ. ಕತ್ತಲಲ್ಲಿ ಮರಗಳ ನಡುವೆ ಹೋಗಿ ಆರೆಂಟು ಏಟು ಬೆನ್ನಿಗೆ ಬಿಟ್ಟುಕೊಂಡು, ಬೆಲೆ ಕಡಿಮೆಯಾಯಿತೆಂದು ಗೊಣಗಿ, ಅದನ್ನು ಎರಡರಷ್ಟು ಮಾಡಿಸಿಕೊಂಡು, ಆಮೇಲಿನ ಏಟುಗಳನ್ನೆಲ್ಲ ಬೀಚ್ ಮರಗಳಿಗೆ ಬಾರಿಸುತ್ತಾ, ನಡುನಡುವೆ ಪ್ರಾಣ ಹೋಗುವಂತೆ ನರಳುತ್ತಾನೆ. ಹಲವಾರು ಮರಗಳ ತೊಗಟೆ ಸುಲಿದುಹೋಗುತ್ತದೆ. ಕಿಹೋತೆ ಓಡಿಬಂದು ಛಡಿ ಹಿಡಿದು, ನನ್ನ ಸುಖಕ್ಕಾಗಿ ನಿನ್ನ ಜೀವ ಹೋಗುವುದು ಬೇಡ ಎನ್ನುತ್ತಾನೆ. ಬಲವಂತವೂ ಬೇಡ, ಇಚ್ಛೆಯೂ ಸಾಕು ಎಂದು ಅವನು ತಾನಾಗಿ ಹೇಳಿದ್ದು ಇಡೀ ಪುಸ್ತಕದಲ್ಲಿ ಇಲ್ಲಿಯೇ.

ಅಕ್ಕ ಬಹಳ ಹೊತ್ತು ನಕ್ಕಳು. ಆಮೇಲೆ ಕಾರ್ಡನ್ನು ಕೈಗೆ ತೆಗೆದುಕೊಂಡು ನಾಲ್ಕು ಅಂಕಣಗಳನ್ನೂ ಓದಿ, ‘ಎಲ್ಲ ಸರಿ, ಮರಗಳನ್ನು ಯಾರೂ ಕೇಳಲಿಲ್ಲವಲ್ಲ’ ಎಂದಳು.